ಪಕ್ಕದಲ್ಲಿ ಕೂತವನು

ಶಿಷ್ಯ ಕೇಳಿದ: "ಗುರುಗಳೇ, ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂರುವ ಚನ್ನವೀರ ಮೂರು ದಿನದಿಂದ ನನ್ನೊಡನೆ ಮಾತಾಡಿಲ್ಲ. ಬೆನ್ನ ಹಿಂದೆ ಏನೋ ಮಸಲತ್ತು ನಡೆಸಿದ್ದಾನೆ. ಅದನ್ನು ಹಿಡಿಯುವುದು ಹೇಗೆ?"

ಗುರುಗಳು ಹೇಳಿದರು: "ನಿನ್ನಂಥದೇ ಚುರುಕುಗಣ್ಣಿನವನೊಬ್ಬನಿದ್ದ, ಕೇಳು.

ಅವನು ಅಕ್ಕಸಾಲಿ. ಅವನೂ ಅವನ ತಮ್ಮನೂ ಒಂದೇ ಅಂಗಡಿಯಲ್ಲಿ ಕೂತು ಕೆಲಸ ಮಾಡುತ್ತಿದ್ದರು. ಸಾಸಿವೆಯಷ್ಟು ಹರಳನ್ನು ಮೂಗುತಿಗೆ ಕೂರಿಸುವುದರಲ್ಲಿ ಅಣ್ಣನನ್ನು ಮೀರಿಸುವವರಿರಲಿಲ್ಲ. ಆದರೆ ಒಂದು ವರ್ಷದಿಂದ ಅವನು ಪಕ್ಕದಲ್ಲಿಟ್ಟ ಹರಳು ಮಾಯವಾಗುತ್ತಿತ್ತು. ಚಿಮಟ ಇಟ್ಟಲ್ಲಿ ಇರುತ್ತಿರಲಿಲ್ಲ. ತಮ್ಮ 'ಇಲ್ಲೇ ಇದೆಯಲ್ಲ' ಎಂದು ಎತ್ತಿ ಕೊಡುತ್ತಿದ್ದ. ಬಚ್ಚಿಟ್ಟವನಿಗಲ್ಲದೆ ಇನ್ನಾರಿಗೆ ಅಷ್ಟು ಬೇಗ ಸಿಗುತ್ತದೆ ಎಂದುಕೊಂಡ ಅಣ್ಣ.

ಆ ಅಂಗಡಿಯಲ್ಲಿ ಕೂಲಿಯವರು ಕೆಲಸ ಮುಗಿಸಿ ಏಳುವಾಗ ಪಂಚೆ ಕೊಡವಿ ತೋರಿಸಬೇಕು. ಮನೆಯವರಿಗೆ ಆ ಕಟ್ಟಳೆ ಇರಲಿಲ್ಲ. ಒಂದು ದಿನ ಅಣ್ಣ ತಮ್ಮನಿಗೆ 'ನೀನೂ ಕೊಡವು' ಎಂದ. ಕೂಲಿಯವರ ಎದುರಿಗೇ ತಮ್ಮ ಕೊಡವಿದ. ಏನೂ ಬೀಳಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು. 'ನಾಳೆಯಿಂದ ನಾನು ಬರೋದಿಲ್ಲಣ್ಣ' ಎಂದ. ಕಳ್ಳ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದು ಅಣ್ಣನ ಅನುಮಾನ ಇನ್ನೂ ಗಟ್ಟಿಯಾಯಿತು. ಸಿಟ್ಟಿನಲ್ಲಿ ಎದ್ದವನು ಪಕ್ಕದ ಅಗ್ಗಿಷ್ಟಿಕೆ ಎಡವಿ ಬಿದ್ದು ಕೈ ಸುಟ್ಟುಕೊಂಡ. ಅದನ್ನೂ ತಮ್ಮನೇ ಸರಿಸಿಟ್ಟನೆಂದು ಕೂಗಾಡಿದ. ಆಗ ತಮ್ಮನಿಗೆ ಬೇರೆಯೇ ಅನುಮಾನ ಬಂತು. ಅಣ್ಣನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದ.

ವೈದ್ಯೆ ಯಂತ್ರದಿಂದ ಅವನ ಕಣ್ಣೊಳಗಿನ ಪರದೆಯ ಚಿತ್ರ ತೆಗೆದರು. ನಡುವೆ ಒಂದು ಬಿಲ್ಲೆಯಷ್ಟು ಜಾಗ ಮಾತ್ರ ಶುದ್ಧವಾಗಿತ್ತು. ಸುತ್ತಲೂ ಕಪ್ಪು ಮಚ್ಚೆಗಳು. 'ಇದು ಅಪರೂಪದ ರೋಗ. ಪರದೆ ಅಂಚಿನಿಂದ ಒಳಕ್ಕೆ ಸಾಯುತ್ತಾ ಬರುತ್ತೆ. ನಿಮಗೆ ಎದುರಿಗಿರೋದು ಕಾಣುತ್ತೆ, ಪಕ್ಕದಲ್ಲಿರೋದು ಕಾಣೋದಿಲ್ಲ' ಎಂದರು.

ಅಣ್ಣ ನಕ್ಕ. 'ಸಾಸಿವೆಯಷ್ಟು ಹರಳು ಕೂರಿಸೋ ಕಣ್ಣು ಇದು. ಈ ಚಿತ್ರ ಇನ್ಯಾರದ್ದೋ. ನನ್ನ ತಮ್ಮ ನಿಮಗೆ ಮೊದಲೇ ಹೇಳಿಕೊಟ್ಟಿದ್ದಾನೆ. ಅದಕ್ಕೇ ನನ್ನನ್ನ ಇಲ್ಲಿ ಕೂರಿಸಿ ತಾನು ಮೆಲ್ಲಗೆ ನುಣುಚಿಕೊಂಡಿದ್ದಾನೆ.'

'ಅಣ್ಣಾ, ನಾನು ನಿನ್ನ ಪಕ್ಕದಲ್ಲೇ ಕೂತಿದ್ದೀನಿ' ಎಂದ ತಮ್ಮ."

ಶಿಷ್ಯ ನಿಟ್ಟುಸಿರುಬಿಟ್ಟ. "ಪಾಪ, ಅವನಿಗೆ ರೋಗವಿತ್ತು ಗುರುಗಳೇ. ನನ್ನ ಕಣ್ಣು ಚೆನ್ನಾಗಿದೆ."

ಗುರುಗಳು ಕೇಳಿದರು: "ಹಾಗಿದ್ದರೆ ಹೇಳು, ಚನ್ನವೀರ ಮೂರು ದಿನದಿಂದ ಎಲೆಯ ಮೇಲಿನ ಅನ್ನವನ್ನೇ ಮುಟ್ಟುತ್ತಿಲ್ಲವಲ್ಲ, ಏಕೆ?"