ಈರವ್ವನ ತೇಗು

ಹೊಳೆಯ ದಂಡೆಯಲ್ಲೊಂದು ಆಶ್ರಮ. ಅಲ್ಲಿನ ಗುರುಗಳು ವೈದ್ಯರೂ ಹೌದು. ಔಷಧಿ ಅರೆದು ಕೊಡುವುದು ಅವರ ಶಿಷ್ಯ ಕಲ್ಲಿನಾಥನ ಕೆಲಸ.

ಹರಿಗೋಲು ನಡೆಸುವ ಯಂಕಪ್ಪನ ಹೆಂಡತಿ ಈರವ್ವನಿಗೆ ಜ್ವರ ಹಿಡಿದದ್ದು ಬಿಡಲೊಲ್ಲದು. ನೆಲಬೇವಿನ ಕಷಾಯ ಬಾಯಿಗಿಟ್ಟರೆ ಸಾಕು, ವಾಂತಿ. ಗಟ್ಟಿಮುಟ್ಟಾದ ಹೆಂಗಸು ಹಾಸಿಗೆಗೆ ಅಂಟಿಕೊಂಡಿದ್ದಳು.

"ಔಷಧಿ ಒಳಗೆ ಹೋಗದಿದ್ದರೆ ಅವಳು ಉಳಿಯುವುದಿಲ್ಲ. ಏನು ಮಾಡುತ್ತೀ?" ಎಂದು ಗುರುಗಳು ಶಿಷ್ಯನನ್ನು ಕೇಳಿದರು.

"ಕಹಿಗೊಂದು ಅಂಗಿ ತೊಡಿಸುತ್ತೇನೆ."

ಕಲ್ಲಿನಾಥ ಕಡಲೆಬೇಳೆ ನೆನೆಸಿದ. ನುಣ್ಣಗೆ ಅರೆದು, ಬಟ್ಟೆಯಲ್ಲಿ ಸೋಸಿ, ಆ ಗಟ್ಟಿ ಹಾಲಿನಲ್ಲಿ ನೆಲಬೇವಿನ ಗುಳಿಗೆಗಳನ್ನು ಅದ್ದಿ ನೆರಳಿನಲ್ಲಿ ಒಣಗಿಸಿದ.

ಒಂದನ್ನು ನಾಲಿಗೆಯ ಮೇಲಿಟ್ಟುಕೊಂಡ. ಎಲ್ಲೋ ಚೂರು ಕಹಿ ಇದ್ದ ಹಾಗಿತ್ತು. ಮತ್ತೊಮ್ಮೆ ಅದ್ದಿದ. ಅನುಮಾನ ಹೋಗಲಿಲ್ಲ, ಮತ್ತೂ ಅದ್ದಿದ. ಕೊನೆಗೆ ಕಾವಲಿಯ ಮೇಲೆ ಘಮ್ಮೆನ್ನುವಂತೆ ಹುರಿದೂಬಿಟ್ಟ.

ಈರವ್ವ ನುಂಗಿದಳು. ವಾಂತಿ ಆಗಲಿಲ್ಲ.

"ಅಪ್ಪಾರ, ನಿಮ್ಮ ಕೈಗುಣ ದೊಡ್ಡದ್ರಿ. ಹುರಿಗಡ್ಲಿ ತಿಂದಂಗಾತು!"

ಆಮೇಲೆ ಕಲ್ಲಿನಾಥನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನೀರಿಗೆ ಬಂದವರಿಗೆಲ್ಲ ಆ ಮಾತನ್ನೇ ಹೇಳಿದ.

ಜ್ವರ ಮಾತ್ರ ಇಳಿಯಲಿಲ್ಲ. ಈರವ್ವನಿಗೆ ಗಂಡನ ಗುರುತೂ ಹತ್ತದಾಯಿತು. ಯಂಕಪ್ಪ ಬಂದು ಆಶ್ರಮದ ಕಟ್ಟೆಯ ಮೇಲೆ ಕುಳಿತ.

"ಗುಳಿಗೆ ಜಾಸ್ತಿ ಕೊಡಲೇ ಗುರುಗಳೇ?" ಎಂದ ಕಲ್ಲಿನಾಥ.

ಗುರುಗಳು ಅವನದೇ ಒಂದು ಗುಳಿಗೆಯನ್ನು ಬಿಸಿ ಗಂಜಿಗೆ ಹಾಕಿದರು. "ಕೂತು ನೋಡು."

ಅವನು ನೋಡಿದ. ಗಂಜಿ ಆರಿದಾಗಲೆಲ್ಲ ಗುರುಗಳು ಬಿಸಿಯದನ್ನು ಸುರಿದರು. ಬಿಸಿಲು ಅಂಗಳ ದಾಟಿತು. ಕಲ್ಲಿನಾಥ ಸೌಟು ಆಡಿಸಿದ. ಬಟ್ಟಲಿನ ತಳದಲ್ಲಿ ಗುಳಿಗೆ ಕಟಕಟ ಅಂದಿತು.

"ಕಹಿ ಮುಚ್ಚಬೇಕಾದದ್ದು ನಾಲಿಗೆಗೆ," ಎಂದರು ಗುರುಗಳು. "ಹೊಟ್ಟೆ ನಿನಗೇನು ಮಾಡಿತ್ತು?"

ಕಲ್ಲಿನಾಥನಿಗೆ ಆಗ ತಿಳಿಯಿತು. ಅಷ್ಟು ದಿನವೂ ಅವಳಿಗೆ ತಾನು ಕೊಟ್ಟದ್ದು ಬರೀ ಕಡಲೆ.

ಹೊಸದಾಗಿ ಗುಳಿಗೆ ಕಟ್ಟಿದ. ಒಂದೇ ಸಲ ಅದ್ದಿ, ನೆರಳಿಗಿಟ್ಟ. ಕಾವಲಿಯ ಹತ್ತಿರ ಹೋಗಲಿಲ್ಲ. ನಾಲಿಗೆಯ ಮೇಲೆ ಆ ಲೇಪ ನುಂಗುವಷ್ಟು ಹೊತ್ತು ಕಹಿಯನ್ನು ತಡೆಯಿತು, ಅದಕ್ಕಿಂತ ಹೆಚ್ಚಲ್ಲ. ಬಿಸಿ ಗಂಜಿಯಲ್ಲಿ ಹಾಕಿದ ಸ್ವಲ್ಪ ಹೊತ್ತಿಗೇ ಬಿರಿದು, ಗಂಜಿಯೆಲ್ಲ ಕಹಿಯಾಯಿತು.

ಯಂಕಪ್ಪ ಹೆಂಡತಿಯ ತಲೆ ಎತ್ತಿ ಹಿಡಿದ. ಕಲ್ಲಿನಾಥ ಗುಳಿಗೆ ನುಂಗಿಸಿದ. ಆ ದಿನ, ಮರುದಿನ, ಅವಳ ಹಾಸಿಗೆಯ ಪಕ್ಕದಲ್ಲೇ ಇದ್ದ.

ಆಶ್ರಮಕ್ಕೆ ಮರಳಿದಾಗ ಅವನ ಮುಖ ಸಪ್ಪಗಿತ್ತು.

"ಜ್ವರ?" ಎಂದರು ಗುರುಗಳು.

"ಬೆವರು ಬಂತು, ಬಿಟ್ಟಿತು. ಎದ್ದು ಕೂತು ಗಂಜಿ ಕೇಳಿದಳು."

"ಮತ್ತೆ ಮುಖ ಯಾಕೆ ಹೀಗೆ?"

"ಬೈದಳು ಗುರುಗಳೇ. ಗಂಜಿ ಕುಡಿದು ತೇಗಿದಳು ನೋಡಿ, ಬಾಯೆಲ್ಲ ಕಹಿಯಂತೆ. 'ಅಪ್ಪಾರ, ಈ ಸಲ ನಿಮ್ಮ ಕೈ ಕೆಟ್ಟೈತ್ರಿ, ಮೊದಲಿನವ ಚಲೋ ಇದ್ದವು' ಅಂದಳು. ಓಣಿಯವರೆಲ್ಲ ಕೇಳಿಸಿಕೊಂಡರು." ಅವನು ತಲೆ ಕೆರೆದುಕೊಂಡ. "ಉಳಿದವನ್ನು ಇನ್ನೊಂದೇ ಒಂದು ಸಲ ಅದ್ದಲೇ?"

ಗುರುಗಳು ಕಡಲೆಹಾಲಿನ ಪಾತ್ರೆಯನ್ನು ಎತ್ತಿಕೊಂಡು ಹೋಗಿ ಹೊಳೆಗೆ ಸುರಿದು ಬಂದರು.

"ಅವಳು ಹೊಗಳಿದ ದಿನ ನಿನಗೂ ಜ್ವರ ಹತ್ತಿತ್ತು, ಕಲ್ಲಿನಾಥ. ಇವತ್ತು ಇಬ್ಬರದೂ ಬಿಟ್ಟಿತು."