ರಾಣಿಯನ್ನು ತಲೆಕೆಳಗೆ ತೂಗಿದ ತಾಂಡಾ

ಕದ್ದ. ಹಾಡಹಗಲಲ್ಲಿ, ನಗುನಗುತ್ತಾ, ಒಂದು ತಾಂಡಾದ ಹೆಂಗಸರ ಕೊರಳಿಗೇ ಕೈಹಾಕಿ ಕದ್ದ. ದೊಡ್ಡವರು ಅದಕ್ಕೆ ಹವ್ಯಾಸ ಅಂದರು, ಸಂಗ್ರಹ ಅಂದರು, ಕರೆದು ಶಾಲು ಹೊದಿಸಿದರು. ನಾನು ಕಳ್ಳತನ ಅಂತಲೇ ಹೇಳ್ತೀನಿ. ಹೊದ್ಕೊಂಡು ಮಲಗು ಕೂಸೇ, ಕಣ್ಣು ಮುಚ್ಚಿದರೂ ಅಡ್ಡಿಯಿಲ್ಲ, ಕಿವಿ ಮಾತ್ರ ಮುಚ್ಚಬೇಡ.

ಒಂದಾನೊಂದು ಕಾಲದಲ್ಲಿ, ಅಂದರೆ ಬಿಳಿ ದೊರೆಗಳು ಗಂಟುಮೂಟೆ ಕಟ್ಟಿಕೊಂಡು ಹೋಗಿ, ಅವರ ಬೆಳ್ಳಿ ರೂಪಾಯಿ ಮಾತ್ರ ನಮ್ಮ ಹೆಂಗಸರ ಸರದಲ್ಲಿ ಉಳಿದುಕೊಂಡಿದ್ದ ಕಾಲದಲ್ಲಿ, ಕಲ್ಲುಗುಡ್ಡದ ಬುಡದಲ್ಲಿ ಒಂದು ಲಂಬಾಣಿ ತಾಂಡಾ ಇತ್ತಂತೆ. ಅಲ್ಲಿ ರುಪ್ಲಿ ಅಂತ ಒಬ್ಬ ಹೆಣ್ಣುಮಗಳು. ಬಿಸಿಲು ಏರುವ ಮೊದಲೇ ಗುಡ್ಡಕ್ಕೆ ಹೋಗಿ ಜಲ್ಲಿ ಒಡೀತಿದ್ದಳು, ಬಂದು ಲಂಗಕ್ಕೆ ಕನ್ನಡಿ ಕೂರಿಸಿ ಕಸೂತಿ ಹಾಕ್ತಿದ್ದಳು, ಅವಳು ನಡೆದರೆ ಕೊರಳಿನ ರೂಪಾಯಿ ಸರ ಝಲ್ ಝಲ್ ಅಂತಿತ್ತಂತೆ. ಆ ಸರ ಬರೀ ಒಡವೆ ಅಂದ್ಕೋಬೇಡ. ಆ ತಾಂಡಾದಲ್ಲಿ ತಾಯಿ ತೀರಿಕೊಂಡರೆ, ಅವಳ ಸರದಿಂದ ಒಂದೊಂದು ರೂಪಾಯಿ ಬಿಚ್ಚಿ ಹೆಣ್ಣುಮಕ್ಕಳು ತಮ್ಮ ಸರಕ್ಕೆ ಸೇರಿಸ್ಕೋತಿದ್ದರು, ಆ ರೂಪಾಯಿಗೆ ತಾಯಿಯ ಹೆಸರನ್ನೇ ಇಡ್ತಿದ್ದರು. ಹಾಗಾಗಿ ರುಪ್ಲಿ ಕೊರಳಲ್ಲಿ ಅವಳ ಯಾಡಿ ದೇವ್ಲಿ ಇದ್ದಳು. ಯಾಡಿ ಅಂದರೆ ಅವರ ಮಾತಲ್ಲಿ ಅವ್ವ. ಯಾಡಿಯ ಯಾಡಿ, ಅವಳ ಯಾಡಿ, ಎಲ್ಲರೂ ಅಲ್ಲೇ ಇದ್ದರು. ದೇವ್ಲಿ ರೂಪಾಯಿಯನ್ನು ಆ ಮನೆಯ ಕೂಸುಗಳೆಲ್ಲ ಬಾಯಿಗಿಟ್ಟು ಚೀಪಿ ಚೀಪಿ, ಅದರ ಮೇಲಿದ್ದ ರಾಣಿಯ ಮೂಗೇ ಸವೆದು ಹೋಗಿತ್ತಂತೆ.

ಇನ್ನೊಂದು ವಿಚಿತ್ರ ಕೇಳು. ಸರಕ್ಕೆ ಪೋಣಿಸೋಕೆ ಒಂದು ಪುಟ್ಟ ಕೊಂಡಿ ಬೆಸೆಯಬೇಕಲ್ಲ, ಆಗ ಆ ತಾಂಡಾದ ಹೆಂಗಸರು ಅಕ್ಕಸಾಲಿಗನ ಜೊತೆ ಜಗಳಕ್ಕೇ ನಿಲ್ತಿದ್ದರಂತೆ. ತಲೆ ಮೇಲೆ ಬೇಡ ಕಣಪ್ಪಾ, ರಾಣಿಯ ಕತ್ತಿನ ಕೆಳಗೆ ಹಾಕು. ಅಕ್ಕಸಾಲಿಗ ಹಣೆ ಚಚ್ಚಿಕೊಳ್ತಿದ್ದ, ಅಮ್ಮಾ ತಲೆಕೆಳಗಾಗಿ ತೂಗುತ್ತೆ ಅಂತ. ತೂಗಲಿ, ನೀನು ಹಾಕು ಅಂತಿದ್ದರು ಇವರು. ಯಾಕೆ ಅಂತ ಈಗಲೇ ಕೇಳಬೇಡ.

ಆಮೇಲೆ ಒಂದು ದಿನ ಏನಾಯ್ತಂತೆ ಅಂದರೆ, ಪಟ್ಟಣದ ಸಾಹುಕಾರ ವಿರೂಪಣ್ಣ ಜೀಪಲ್ಲಿ ಬಂದ. ಬಿಳೀ ಅಂಗಿ, ಬಾಯ್ತುಂಬ ಅಕ್ಕಾ ತಂಗಿ. ಜೇಬಿಂದ ಒಂದು ಸೂಜಿಗಲ್ಲು ತೆಗೆದ. ಹೊಸ ರೂಪಾಯಿಗೆ ತೋರಿಸಿದ, ಟಕ್ ಅಂತ ಅಂಟಿತು. ನೋಡಿ, ಸರ್ಕಾರದ ಅಸಲಿ ರೂಪಾಯಿ! ಆಮೇಲೆ ರುಪ್ಲಿ ಸರಕ್ಕೆ ತೋರಿಸಿದ, ಒಂದೂ ಅಂಟಲಿಲ್ಲ. ಅಯ್ಯಯ್ಯೋ ತಂಗಿ, ಇದೆಲ್ಲ ಖೋಟಾ, ಪೊಲೀಸರು ಕಂಡರೆ ಜೈಲು, ಇಲ್ಲಿ ಕೊಡು, ನಾನೇ ಕುಲುಮೆಗೆ ಹಾಕಿ ಸುಟ್ಟುಬಿಡ್ತೀನಿ, ಬದಲಿಗೆ ಫಳಫಳ ಅನ್ನೋ ಹೊಸದು ತಗೋ ಅಂದನಂತೆ.

ಬೆಳ್ಳಿ ಯಾವತ್ತಾದರೂ ಸೂಜಿಗಲ್ಲಿಗೆ ಅಂಟುತ್ತಾ? ಅಂಟಲ್ಲ! ಅವನಿಗೆ ಚೆನ್ನಾಗಿ ಗೊತ್ತಿತ್ತು. ಇವರಿಗೆ ಯಾರೂ ಹೇಳಿರಲಿಲ್ಲ, ಅದನ್ನೇ ಅವನು ಬಂಡವಾಳ ಮಾಡಿಕೊಂಡ.

ತಾಂಡಾದಲ್ಲಿ ಜೀಮ್ಲಿ ಅಂತ ಒಬ್ಬ ಮುದುಕಿ ಇದ್ದಳು, ಬಾಯಿ ಅಂದರೆ ಬಾಯಿ. ನಿನ್ನ ಕಲ್ಲಿಗೆ ನನ್ನ ಕುಡುಗೋಲೂ ಅಂಟುತ್ತೆ, ಅದೂ ರೂಪಾಯಿ ಏನೋ ಅಂತ ಕೇಳಿ ತನ್ನ ಸರ ಸೆರಗಲ್ಲಿ ಮುಚ್ಚಿಕೊಂಡಳಂತೆ. ಉಳಿದವರು ಪೊಲೀಸು ಅನ್ನೋ ಮಾತಿಗೇ ಹೆದರಿದರು. ರುಪ್ಲಿ ಕೊಟ್ಟಳು. ಅವಳನ್ನ ನೋಡಿ ಎಲ್ಲರೂ ಕೊಟ್ಟರು. ಜೀಪು ಧೂಳೆಬ್ಬಿಸಿಕೊಂಡು ಹೊರಟೇಹೋಯ್ತು.

ಆಮೇಲೆ ಮಳೆಗಾಲ ಹೋಗಿ ಚಳಿ ಬಂತು. ರುಪ್ಲಿ ಪಟ್ಟಣಕ್ಕೆ ಹೋದಾಗ ಟೌನ್ ಹಾಲ್ ಮುಂದೆ ಬಾಗಿಲಗಲದ ಬೋರ್ಡು. ಬ್ರಿಟಿಷರ ಕಾಲದ ಅಪರೂಪದ ನಾಣ್ಯಗಳು, ಸಾಹುಕಾರ ವಿರೂಪಣ್ಣನವರ ಮನೆತನದ ಸಂಗ್ರಹ. ಅಕ್ಷರ ಅವಳಿಗೆ ಬರಲ್ಲ. ಆದರೆ ಬೋರ್ಡಿನ ನಡುವೆ ತಟ್ಟೆಯಷ್ಟು ದೊಡ್ಡದಾಗಿ ಒಂದು ರೂಪಾಯಿ ಚಿತ್ರ ಇತ್ತಲ್ಲ, ಅದರಲ್ಲಿ ರಾಣಿಗೆ ಮೂಗೇ ಇರಲಿಲ್ಲ! ರುಪ್ಲಿ ರಸ್ತೆ ನಡುವೆ ನಿಂತು ಕೂಗಿದಳಂತೆ, ಯಾಡೀ! ಸುಟ್ಟುಬಿಡ್ತೀನಿ ಅಂದಿದ್ದನಲ್ಲ ಅವನು ನಿನ್ನ!

ತಾಂಡಾಕ್ಕೆ ಓಡಿದಳು, ಜೀಮ್ಲಿಯನ್ನ ಕರೆದಳು, ಎಲ್ಲರನ್ನೂ ಎಬ್ಬಿಸಿದಳು. ಮಾರನೇ ದಿನ ಹೆಂಗಸರೆಲ್ಲ ಒಟ್ಟಾಗಿ ಟೌನ್ ಹಾಲಿಗೆ ನುಗ್ಗಿದರು. ಒಳಗೆ ಗಾಜಿನ ಪೆಟ್ಟಿಗೆ, ಕೆಂಪು ಮಖಮಲ್ಲು, ಅದರ ಮೇಲೆ ಸಾಲು ಸಾಲು ರೂಪಾಯಿ. ವೇದಿಕೆ ಮೇಲೆ ತಹಶೀಲ್ದಾರರು, ಮುಂದಿನ ಕುರ್ಚಿಯಲ್ಲಿ ಸಾಹುಕಾರನ ಹೆಂಡತಿ ಗಂಗಮ್ಮ, ಕೊರಳಲ್ಲಿ ದೊರೆಯ ಮುಖವಿರೋ ಬ್ರಿಟಿಷರ ಚಿನ್ನದ ಪವನಿನ ಸರ. ಸಾಹುಕಾರ ಮೈಕು ಹಿಡಿದು, ಇವು ನಮ್ಮ ಮುತ್ತಜ್ಜ ಖಜಾನೆಯಿಂದ ತಂದು ಪೆಟ್ಟಿಗೆಯಲ್ಲಿಟ್ಟಿದ್ದು, ಇವತ್ತಿನವರೆಗೂ ಯಾರ ಮೈಗೂ ಸೋಕಿಲ್ಲ ಅಂತ ಹೇಳ್ತಿದ್ದನಂತೆ.

ಸುಳ್ಳು ಅಂದಳು ರುಪ್ಲಿ. ಇದು ನಮ್ಮದು.

ಸಾಹುಕಾರ ನಕ್ಕ. ಜನ ಸೇರಿದ್ದರಲ್ಲ, ತಮಾಷೆ ಆಗಲಿ ಅಂದ್ಕೊಂಡ. ಮೂರು ಪ್ರಶ್ನೆ ಕೇಳ್ತೀನಿ ತಂಗಿ, ಒಂದಕ್ಕೆ ಸರಿಯಾಗಿ ಉತ್ತರ ಕೊಡು ಸಾಕು, ನಿನ್ನದು ಅಂತ ತೋರಿಸಿದ್ದನ್ನೆಲ್ಲ ತಗೊಂಡು ಹೋಗು, ಸಾಹೇಬರೇ ಸಾಕ್ಷಿ ಅಂದನಂತೆ. ಆಗಲಿ ಅಂದರು ತಹಶೀಲ್ದಾರರು.

ಮೂಗಿಲ್ಲದ ರೂಪಾಯಿ ತೆಗೆದು ಹಿಡಿದು ಮೊದಲನೇದು ಕೇಳಿದ. ಇದು ಯಾವ ಇಸವಿಯದು? ರುಪ್ಲಿ ಕಣ್ಣು ಕಿರಿದು ಮಾಡಿ ನೋಡಿದಳು, ಕೆಳಗೆ ಇರುವೆ ಸಾಲಿನ ಹಾಗೆ ಏನೋ ಕಂಡಿತು. ಗೊತ್ತಿಲ್ಲ ಅಂದಳು. ಜನ ಗೊಳ್ ಅಂತ ನಕ್ಕರು.

ಎರಡನೇದು ಕೇಳಿದ. ಇದರ ಮೇಲಿರೋ ಮುಖ ಯಾರದು? ಇದು ಗೊತ್ತು! ನಮ್ಮ ಯಾಡಿ ದೇವ್ಲಿ ಅಂದಳು ರುಪ್ಲಿ. ಜನ ಬಿದ್ದು ಬಿದ್ದು ನಕ್ಕರು. ವಿಕ್ಟೋರಿಯಾ ರಾಣಿ ಕಣಮ್ಮಾ ಇವಳು, ನಿಮ್ಮವ್ವ ಕಿರೀಟ ಹಾಕ್ಕೋತಿದ್ದಳಾ ಅಂತ ಕೇಳಿದ ಸಾಹುಕಾರ. ರುಪ್ಲಿ ಬಿಡಲಿಲ್ಲ. ದಿನಾ ಹಾಕ್ಕೋತಿದ್ದಳು, ಜಲ್ಲಿ ಬುಟ್ಟಿ ಹೊರೋಕೆ ತಲೆಗೆ ಬಟ್ಟೆ ಸಿಂಬಿ ಬೇಡವಾ, ನಿಮ್ಮ ರಾಣಿ ಏನು ಹೊರ್ತಿದ್ದಳು ಅಂದಳಂತೆ. ಈ ಸಲ ಹಿಂದಿನ ಸಾಲಿನವರು ನಕ್ಕಿದ್ದು ಸಾಹುಕಾರನನ್ನ ನೋಡಿ. ಆದರೂ ಉತ್ತರ ತಪ್ಪೇ ಅಂತ ಆಯ್ತು.

ಉಳಿದಿದ್ದು ಒಂದೇ. ಸೋತರೆ ಯಾಡಿ ಗಾಜಿನ ಒಳಗೇ.

ಮೂರನೇದು ಕೇಳಿದ. ನಿಮ್ಮದು ಅನ್ನೋದಕ್ಕೆ ಗುರುತೇನು? ಮೂಗು ಸವೆದದ್ದು ಲೆಕ್ಕಕ್ಕಿಲ್ಲ, ಹಳೇ ರೂಪಾಯಿ ಎಲ್ಲ ಸವೆಯುತ್ತೆ.

ರುಪ್ಲಿ ರೂಪಾಯಿಯನ್ನು ಕೈಗೆ ತಗೊಂಡಳು. ಕೊಂಡಿ ಇಲ್ಲ. ಅಂಚಿನ ಸುತ್ತ ಹೆಬ್ಬೆರಳು ಆಡಿಸಿದಳು. ನುಣುಪು, ನುಣುಪು, ಆಮೇಲೆ ಇದ್ದಕ್ಕಿದ್ದ ಹಾಗೆ ಗರಗರ! ರಾಣಿಯ ಕತ್ತಿನ ಕೆಳಗೆ, ಸರಿಯಾಗಿ ಅಲ್ಲೇ! ಕಳ್ಳ ಕೊಂಡಿ ಕಿತ್ತು ಅರ ಹಾಕಿ ಉಜ್ಜಿದ್ದ, ಗಾಯ ಮಾತ್ರ ಉಳಿದುಬಿಟ್ಟಿತ್ತು. ತಹಶೀಲ್ದಾರರ ಕೈಗೆ ಕೊಟ್ಟಳು, ಮುಟ್ಟಿ ನೋಡಿ ಅಂದಳು. ಅವರು ಮುಟ್ಟಿದರು. ಹೌದಲ್ಲ, ಇಲ್ಲಿ ಏನೋ ಬೆಸುಗೆ ಇತ್ತು ಅಂದರು. ಯಾರ ಮೈಗೂ ಸೋಕದ ರೂಪಾಯಿಗೆ ಬೆಸುಗೆ ಯಾಕೆ?

ಸಾಹುಕಾರ ಬೆವರು ಒರೆಸಿಕೊಂಡ. ಅದೂ, ನಮ್ಮ ಮುತ್ತಜ್ಜಿ ಸರ ಮಾಡಿಸಿದ್ದಳು ಅಂದ.

ಆಗ ರುಪ್ಲಿ ಗಂಗಮ್ಮನ ಹತ್ತಿರ ಹೋದಳಂತೆ. ಅಮ್ಮಾವ್ರೇ, ನಿಮ್ಮ ಪವನಿಗೆ ಕೊಂಡಿ ಎಲ್ಲಿ ಹಾಕಿಸಿದ್ದೀರಿ? ಗಂಗಮ್ಮ ಸರ ಎತ್ತಿ ತೋರಿಸಿದಳು. ತಲೆ ಮೇಲೆ, ಇನ್ನೆಲ್ಲಿ ಹಾಕಿಸ್ತಾರೆ? ನಿಮ್ಮತ್ತೆ? ತಲೆ ಮೇಲೆ. ಅವರತ್ತೆ? ಎಲ್ಲರೂ ತಲೆ ಮೇಲೇ ಕಣೇ, ಯಾರಾದರೂ ದೊರೇನ ತಲೆಕೆಳಗೆ ನೇತುಹಾಕ್ತಾರಾ?

ನಾವು ಹಾಕ್ತೀವಿ ಅಂದಳು ರುಪ್ಲಿ, ಅಂದವಳೇ ಜೀಮ್ಲಿಯನ್ನ ಮುಂದಕ್ಕೆ ಎಳೆದಳು.

ಮುದುಕಿ ಸೆರಗು ಸರಿಸಿದಳು ನೋಡು! ಕೊರಳ ತುಂಬ ರಾಣಿಯರು, ಒಬ್ಬಳೂ ನೆಟ್ಟಗಿಲ್ಲ, ಕಿರೀಟ ಕೆಳಗೆ, ಕತ್ತು ಮೇಲೆ, ಬಾವಲಿಗಳ ಹಾಗೆ ಸಾಲಾಗಿ ತೂಗ್ತಿದ್ದರಂತೆ! ಜನ ಹೋ ಅಂತ ಕುರ್ಚಿ ಬಿಟ್ಟೆದ್ದರು. ಇದೇನಜ್ಜಿ ತಲೆಕೆಳಗೆ ಅಂತ ತಹಶೀಲ್ದಾರರೂ ಕೇಳಿದರು.

ನಿಮಗೆ ತಲೆಕೆಳಗು ಸಾಹೇಬ್ರೇ, ನನಗೆ ನೆಟ್ಟಗೆ ಅಂದಳು ಜೀಮ್ಲಿ. ಸರ ಯಾರದು? ಎದುರಿಗೆ ನಿಂತು ನೋಡೋರದಾ? ಕಲ್ಲು ಒಡೆದು ಸುಸ್ತಾಗಿ ನಾನು ತಲೆ ಬಗ್ಗಿಸಿ ಎದೆ ನೋಡಿಕೊಂಡಾಗ ನಮ್ಮ ಯಾಡಿ ಮುಖ ನನಗೆ ನೆಟ್ಟಗೆ ಕಾಣಬೇಕು. ಅದಕ್ಕೆ.



ಮೊದಲು ಮುಂದೆ ಬಂದವಳು ಗಂಗಮ್ಮ. ತಾನೇ ಹೋಗಿ ಪೆಟ್ಟಿಗೆಯ ಗಾಜು ಸರಿಸಿ, ಒಂದೊಂದೇ ರೂಪಾಯಿ ತೆಗೆದು ಕತ್ತಿನ ಕೆಳಗೆ ಬೆರಳಾಡಿಸಿದಳು. ಗರಗರ. ಇದೂ ಗರಗರ. ಥೂ ನಿನ್ನ, ಇದೂ! ಅಂತ ಗಂಡನ ಕಡೆ ನೋಡ್ತಾ ಎತ್ತಿ ಎತ್ತಿ ಹೆಂಗಸರ ಉಡಿಗೆ ಹಾಕಿದಳಂತೆ. ಒಬ್ಬೊಬ್ಬಳೂ ತನ್ನವಳ ಹೆಸರು ಕೂಗಿ ಕೂಗಿ ತಗೊಂಡಳು, ಇಗೋ ನಮ್ಮ ಹೀರಿ, ಇಗೋ ನಮ್ಮ ಸೀತ್ಲಿ, ಅಯ್ಯೋ ಧಾನಿ ಸಿಕ್ಕಿದಳು! ತಹಶೀಲ್ದಾರರು ಸಾಹುಕಾರನಿಗೆ ಹೊದಿಸಿದ್ದ ಶಾಲು ತೆಗೆದು ಪಕ್ಕಕ್ಕಿಟ್ಟು, ಪೊಲೀಸರನ್ನ ಕರೀರಿ ಅಂದರು.

ಆಮೇಲೆ ಸಾಹುಕಾರ ತನ್ನ ಖರ್ಚಲ್ಲೇ ಕೊಂಡಿಗಳನ್ನ ಮತ್ತೆ ಹಾಕಿಸಿಕೊಟ್ಟನಂತೆ, ಕತ್ತಿನ ಕೆಳಗೇ. ಅಕ್ಕಸಾಲಿಗ ಈ ಸಲ ತಕರಾರು ತೆಗೀಲಿಲ್ಲ. ಅವನ ಸೂಜಿಗಲ್ಲನ್ನೂ ಹೆಂಗಸರು ಕಿತ್ಕೊಂಡು ತಾಂಡಾಕ್ಕೆ ತಂದರು, ಕಸೂತಿ ಮಾಡುವಾಗ ಮಣ್ಣಲ್ಲಿ ಬಿದ್ದ ಸೂಜಿ ಹುಡುಕೋಕೆ. ರುಪ್ಲಿಗೆ ಒಂದು ಹೆಣ್ಣು ಕೂಸು ಹುಟ್ಟಿತು, ಅದು ದೇವ್ಲಿಯನ್ನ ಚೀಪಿ ಚೀಪಿ ಈಗ ರಾಣಿಯ ತುಟಿಯೂ ಸವೀತಾ ಇದೆಯಂತೆ.

ಕತೆ ಇಲ್ಲಿಗೆ ಮುಗೀತು, ಕೆಲಸ ಮುಗೀಲಿಲ್ಲ. ಬೆಳಿಗ್ಗೆ ಎದ್ದವನೇ ಮನೆಯ ಪೆಟ್ಟಿಗೆ ತೆಗೆಸು. ಹಳೇ ರೂಪಾಯಿ ಸಿಕ್ಕರೆ ಬೆಲೆ ಕೇಳಬೇಡ, ಇದು ಯಾರದು ಅಂತ ಕೇಳು, ಹೆಸರು ಬಾಯಿಪಾಠ ಮಾಡು. ಸೂಜಿಗಲ್ಲು ಹಿಡಿದು ಯಾರಾದರೂ ಬಾಗಿಲಿಗೆ ಬಂದರೆ ಅಲ್ಲಿಂದಲೇ ಅಟ್ಟು. ದೊಡ್ಡವರು ಗಾಜಿನೊಳಗಿಟ್ಟು ಮೆರೆಸೋದನ್ನ ಕಂಡರೆ ಸುಮ್ಮನೆ ನೋಡಿ ಬರಬೇಡ. ಯಾರ ಕೊರಳಿಂದ ಬಂತಿದು ಅಂತ ಕೇಳು. ಎಲ್ಲರ ಮುಂದೆ, ಗಟ್ಟಿಯಾಗಿ ಕೇಳು.