ನೂಲಿನಲ್ಲಿ ಜಿಂಕೆ

ಕುಂಪಣಿ ಸರ್ಕಾರದ ಕಾಲ. ಕಾಡಂಚಿನ ಹೊಳೆಯ ದಂಡೆಯಲ್ಲಿ ಮೈಲಾರಯ್ಯ ಎಂಬ ನೇಕಾರರಿದ್ದರು. ನೂಲಿಗೆ ತಾವೇ ಬಣ್ಣ ಹಾಕಿ, ತಾವೇ ನೇಯುತ್ತಿದ್ದರು. ಅವರ ಸೀರೆಯಲ್ಲಿ ಜಿಂಕೆಯ ಮೈಚುಕ್ಕೆ ಮೂಡುತ್ತಿತ್ತು.

ಚುಕ್ಕೆ ಬರಬೇಕಾದಲ್ಲೆಲ್ಲ ನೂಲನ್ನು ಬಾಳೆನಾರಿನಿಂದ ಬಿಗಿದು, ಕಾಚಿನ ಬಣ್ಣದ ಹಂಡೆಗೆ ಅದ್ದುತ್ತಿದ್ದರು. ಬಿಗಿದ ಕಡೆ ಬಣ್ಣ ಹತ್ತುತ್ತಿರಲಿಲ್ಲ. ನಾರು ಬಿಚ್ಚಿದರೆ ಕಂದು ನೂಲಿನಲ್ಲಿ ಬಿಳಿ ಚುಕ್ಕೆ.

ವಯಸ್ಸಾಯಿತು. ಬೆರಳು ನಡುಗತೊಡಗಿದವು. ಶಿಷ್ಯ ಕೆಂಚನನ್ನು ಕರೆದರು.

"ಇನ್ನು ನನ್ನಿಂದಾಗದು. ಜಿಂಕೆ ಚುಕ್ಕೆಯ ಸೀರೆ ನೀನೊಂದು ಮಾಡು. ಸರಿಬಂದರೆ ಹಂಡೆ ನಿನ್ನದು."

"ಬಾರದಿದ್ದರೆ?"

"ಬೋರಲು ಹಾಕುತ್ತೇನೆ. ಈ ಸೀರೆ ನನ್ನ ಜೊತೆಗೇ ಮುಗಿಯಲಿ."

 ಕೆಂಚ ಕಲಿತದ್ದು ಈ ಕೆಲಸ ಒಂದೇ.

ಊರ ಗೌಡನ ಮನೆಯ ಗೋಡೆಗೆ ಜಿಂಕೆಯ ಚರ್ಮ ಬಡಿದಿದ್ದರು. ಕೆಂಚ ಅಲ್ಲಿಗೆ ಹೋದ. ಬಿಳಿ ದಾರ ಹಿಡಿದು ಚುಕ್ಕೆಯಿಂದ ಚುಕ್ಕೆಗೆ ಅಳೆದು, ದಾರದ ಮೇಲೆ ಕೆಮ್ಮಣ್ಣಿನಿಂದ ಗುರುತು ಹಾಕಿಕೊಂಡ. ಆ ಅಳತೆಯಂತೆ ಬಿಗಿದ, ಅದ್ದಿದ, ನೇಯ್ದ.

ಸೀರೆಯನ್ನು ಗುರುವಿನ ಮುಂದೆ ಹರಡಿದ. ಮೈಲಾರಯ್ಯ ಬಗ್ಗಿ ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆ. ಹೊಡೆದವರು ಯಾರು?"

"ಏನನ್ನು, ಅಯ್ಯಾ?"

"ಈ ಜಿಂಕೆಯನ್ನು."

ಕೆಂಚ ತಲೆ ತಗ್ಗಿಸಿದ. "ಗೌಡರ ಮನೆಯ ಚರ್ಮ ನೋಡಿ ಅಳತೆ ತಂದೆ. ಒಂದು ಚುಕ್ಕೆಯೂ ಆಚೀಚೆ ಆಗಿಲ್ಲ."

"ಅದೇ ಕಾಣುತ್ತಿದೆ. ದಾರ ಎಲ್ಲಿ?"

ಕೊಟ್ಟ. ಮೈಲಾರಯ್ಯ ಅದನ್ನು ಹಂಡೆಗೆ ಹಾಕಿ ಕೋಲಿನಿಂದ ತಿರುವಿದರು. ಮೇಲೆತ್ತಿದಾಗ ದಾರವೆಲ್ಲ ಕಂದು. ಕೆಮ್ಮಣ್ಣಿನ ಗುರುತು ಒಂದೂ ಇರಲಿಲ್ಲ.

"ಅಳತೆಯಿಲ್ಲದೆ ಹೇಗೆ ಮಾಡಲಿ, ಅಯ್ಯಾ?"

"ಬೆಳಗ್ಗೆ ಜಿಂಕೆಗಳು ಹೊಳೆಗೆ ನೀರು ಕುಡಿಯಲು ಬರುತ್ತವೆ. ಹೋಗಿ ನೋಡು."

ಮರುದಿನ ಕೆಂಚ ಬೇಗನೆ ಮರಳಿದ.

"ಏನು ಕಂಡೆ?"

"ಓಡುವ ಬಾಲ."

"ಹಾಗಾದರೆ ನಾಳೆಯೂ ಹೋಗು."

ಹೋದ. ಹೋಗುತ್ತಲೇ ಇದ್ದ. ಮಳೆಗಾಲ ಕಳೆದು ಹೊಳೆಯ ನೀರು ತಿಳಿಯಾಯಿತು. ಹಂಡೆ ಅಲ್ಲೇ ಇತ್ತು. ಮೈಲಾರಯ್ಯ ಅದರ ಮಾತೆತ್ತಲಿಲ್ಲ. ಕೆಂಚನಿಗೂ ಕೇಳುವ ಧೈರ್ಯವಾಗಲಿಲ್ಲ.

ಒಂದು ಬೆಳಗ್ಗೆ ಬಂದು ಹೊಸ್ತಿಲಲ್ಲಿ ಕುಳಿತ.

"ಮರದ ಮರೆಯಲ್ಲಿ ಕೂತು ನೋಡಿದೆ, ಅಯ್ಯಾ. ಒಂದರ ಚುಕ್ಕೆ ಇನ್ನೊಂದಕ್ಕಿಲ್ಲ. ಒಂದೇ ಜಿಂಕೆ ಉಸಿರೆಳೆದಾಗ ಒಂದು ತರಹ, ಬಿಟ್ಟಾಗ ಇನ್ನೊಂದು ತರಹ. ಯಾವುದನ್ನು ನೂಲಿಗೆ ಇಳಿಸಲಿ?"

ಮೈಲಾರಯ್ಯ ಹಂಡೆಯ ಕೆಳಗಿನ ಒಲೆಗೆ ಇನ್ನೊಂದು ಕೊರಡು ತಳ್ಳಿದರು.

"ಮರೆಯಿಂದ ಈಚೆ ಬಾ. ನಿನ್ನನ್ನು ಕಂಡ ಮೇಲೂ ಯಾವುದು ನೀರು ಕುಡಿಯುತ್ತಿರುತ್ತದೋ, ಅದನ್ನು."